ಅಂಗಳಕ್ಕೆ ಬಂದ ಹಾಸಿಗೆ

ಗೇಟಿನ ಬಳಿ ಕಾರು ನಿಂತ ಸದ್ದು ಕೇಳಿದ್ದೇ ವಹೀಬ್ ತಾಯಿಯ ಪಕ್ಕದಿಂದ ಎದ್ದು ಅಡುಗೆಮನೆಯ ಬಾಗಿಲಿನಿಂದ ಹೊರಬಿದ್ದ. ಮುಂಬಾಗಿಲಿನಿಂದ ನಜ್ಲಾ ಒಳಗೆ ಬಂದಳು. ಒಂಬತ್ತು ವರ್ಷದ ಹಿಂದೆ ಈ ಗಂಡಹೆಂಡತಿ ಹಟಕ್ಕೆ ಬಿದ್ದು ಖಾಜಿಯ ಮುಂದೆ ಬೇರೆಯಾಗಿದ್ದರು. ವಾರದೊಳಗೆ ಇಬ್ಬರ ಸಿಟ್ಟೂ ಇಳಿದಿತ್ತು. ಆದರೆ ಅವರ ದ್ರೂಜ್ ಪಂಥದಲ್ಲಿ ಬಿಟ್ಟ ಹೆಂಡತಿಯನ್ನು ಮತ್ತೆ ಕಟ್ಟಿಕೊಳ್ಳುವಂತಿಲ್ಲ. ಅವಳೊಂದಿಗೆ ಒಂದೇ ಸೂರಿನಡಿ ನಿಲ್ಲುವಂತೆಯೂ ಇಲ್ಲ.

ತಾಯಿ ಝಹಿಯಾಗೆ ಮೂರು ದಿನದಿಂದ ನೀರೂ ಸರಿಯಾಗಿ ಇಳಿಯುತ್ತಿರಲಿಲ್ಲ. ಇವತ್ತು ಕಳೆದರೆ ಹೆಚ್ಚು ಎಂದು ಡಾಕ್ಟರು ಹೇಳಿ ಹೋಗಿದ್ದರು. ಬೆಳಗಿನಿಂದ ಮುದುಕಿಯದು ಒಂದೇ ಮಾತು, "ನಜ್ಲಾನ ಕರೀರಿ." ನೆರೆಮನೆಯಲ್ಲಿದ್ದ ಪಂಥದ ಹಿರಿಯ ಶೇಖ್ ಮಲ್ಹಮ್ ಕೈಯಲ್ಲಿ ವಹೀಬನೇ ಪಕ್ಕದೂರಿಗೆ ಫೋನ್ ಮಾಡಿಸಿದ್ದ.

ಅಂಗಳದಲ್ಲಿ ಶೇಖರು ಬಿಳಿ ರುಮಾಲು ಸರಿಮಾಡಿಕೊಂಡು ಮಾಟೆ ಸೊಪ್ಪಿನ ಕಷಾಯ ಹೀರುತ್ತಿದ್ದರು. ವಹೀಬ್ ಗೋಡೆಯಿಂದ ಬಾವಿಗೆ, ಬಾವಿಯಿಂದ ಗೋಡೆಗೆ ಓಡಾಡುತ್ತಿದ್ದ.

"ಕೂತ್ಕೊಳ್ಳೋ ಮಾರಾಯ, ನಿನ್ನ ನೋಡಿ ನನ್ಗೇ ತಲೆ ತಿರುಗ್ತಿದೆ. ತಗೋ, ಒಂದು ಗುಟುಕು."

"ಬೇಡ. ಒಳಗೆ ಏನೂ ಸದ್ದೇ ಇಲ್ವಲ್ಲ ಶೇಖರೇ? ನಾನಿಲ್ದಾಗ ಹೋಗ್ಬಿಟ್ರೆ?"

ಅಷ್ಟರಲ್ಲಿ ಕಿಟಕಿ ತೆರೆಯಿತು. ನಜ್ಲಾ ಅವನತ್ತ ನೋಡದೆ ಶೇಖರಿಗೆ ಹೇಳಿದಳು, "ಅತ್ತೆ ಮಗನ್ನ ಕೇಳ್ತಿದ್ದಾರೆ. ಅವ್ರಿಗೆ ಬರೋಕೆ ಹೇಳಿ. ನಾನು ಈ ಕಡೆಯಿಂದ ಹೋಗ್ತೀನಿ."

ಅವಳು ಮುಂದಿನಿಂದ ಹೊರಗೆ, ಅವನು ಹಿಂದಿನಿಂದ ಒಳಗೆ. ವಹೀಬ್ ಕೈ ಹಿಡಿದದ್ದೇ ತಡ, ಮುದುಕಿ ಕಣ್ಣು ಬಿಟ್ಟು, "ಅವಳೆಲ್ಲಿ?" ಎಂದಳು. ಅವನು ಹೊರಗೆ, ಅವಳು ಒಳಗೆ. "ಅವನೆಲ್ಲಿ?" ಹೀಗೆ ಮೂರು ಸಲವಾಯಿತು. ಮೂರನೆಯ ಸಲ ಹೊಸ್ತಿಲಲ್ಲಿ ಎಡವಿ ವಹೀಬನ ಮೊಣಕಾಲು ತರಚಿಹೋಯಿತು.

"ನೀವೇ ಏನಾದ್ರೂ ದಾರಿ ಹೇಳಿ ಶೇಖರೇ," ಎಂದು ಒಳಗಿನಿಂದ ನಜ್ಲಾ ಕೂಗಿದಳು. "ಎರಡು ಬಾಗಿಲ ಮಧ್ಯೆ ಅತ್ತೆ ಪ್ರಾಣ ಹೋಗುತ್ತೆ!"

"ಸೂರಿನಡಿ ಕೂಡದು ಅನ್ನೋದಷ್ಟೇ ನಂಗೆ ಗೊತ್ತಮ್ಮ," ಎಂದರು ಶೇಖರು.

ಆಮೇಲೆ ಮುಂಬಾಗಿಲು ದಡಾರನೆ ತೆರೆಯಿತು. ನಜ್ಲಾ ಕಂಬಳಿ ಸಮೇತ ಅತ್ತೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದಳು. ಶೇಖರು ಓಡಿಹೋಗಿ ಹಾಸಿಗೆ ಎಳೆದು ತಂದರು.

"ಇಲ್ಲಿ ಹಾಕ್ಲಾ?"

"ದ್ರಾಕ್ಷಿ ಚಪ್ಪರ ಇದೆಯಲ್ಲ, ಅದೂ ಸೂರೇ ಅಂದ್ರೆ?" ಎಂದ ವಹೀಬ್.

ಶೇಖರು ತಲೆಯೆತ್ತಿ ನೋಡಿದರು. ಎಲೆಯೆಲ್ಲ ಉದುರಿ ಬರಿಯ ಬಳ್ಳಿ ಇತ್ತು. ಆದರೂ ಹಾಸಿಗೆಯನ್ನು ಇನ್ನೂ ನಾಲ್ಕು ಮಾರು ಎಳೆದು ಬಟ್ಟಬಯಲಿಗೆ ಹಾಕಿದರು.

ಒಂದು ಬದಿಗೆ ನಜ್ಲಾ, ಇನ್ನೊಂದು ಬದಿಗೆ ವಹೀಬ್ ಕೂತರು. ಮುದುಕಿ ಇಬ್ಬರ ಕೈಯನ್ನೂ ಎದೆಯ ಮೇಲೆ ಇಟ್ಟುಕೊಂಡಳು. ಅವಳ ಉಸಿರಾಟ ಹಗುರವಾಯಿತು. ಬಿಸಿಲು ಗುಡ್ಡ ಹತ್ತಿತು. ಕಣಿವೆಯಿಂದ ಗಾಳಿ ಎದ್ದಿತು.

"ಚಳಿ," ಎಂದಳು ಮುದುಕಿ. "ಒಳಗೆ ಕರ್ಕೊಂಡ್ ಹೋಗಿ."

"ಯಾರಮ್ಮ?" ಎಂದ ವಹೀಬ್.

"ಇಬ್ರೂ."

ವಹೀಬ್ ತಲೆ ತಗ್ಗಿಸಿದ. ಆಮೇಲೆ ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ಹೆಸರು ಹಿಡಿದು ಮಾತಾಡಿಸಿದ.

"ನೀನೇ ಕರ್ಕೊಂಡ್ ಹೋಗು ನಜ್ಲಾ. ಎತ್ತಿ ಮಲಗಿಸೋಕೆ ನಂಗೆ ಬರಲ್ಲ. ನಿನ್ನ ಕೈ ಅಮ್ಮಂಗೆ ಗೊತ್ತು."

ನಜ್ಲಾ ಮುದುಕಿಯ ಮೇಲೆ ಬಾಗಿ, ಮಗನ ಕೈಯಿಂದ ಅವಳ ಬೆರಳುಗಳನ್ನು ಬಿಡಿಸತೊಡಗಿದಳು. ಒಂದನ್ನು ಬಿಡಿಸಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮತ್ತೆ ಹಿಡಿದುಕೊಂಡಿರುತ್ತಿತ್ತು.