ಜೊತೆಗೆ ಬಂದವನು

ಅಡುಗೆಮನೆಗೆ ಬೀಗ ಜಡಿದು, ಬೀಗದ ಕೈಯನ್ನು ಅವನು ಅಂಗಿಯ ಜೇಬಿಗೆ ಸೇರಿಸಿದ. ಅಕ್ಕನನ್ನು ನಂಬುವ ಹಾಗಿರಲಿಲ್ಲ. ಡ್ರಿಪ್ ಹಾಕುವ ದಿನ ಬೆಳಗ್ಗೆಯಿಂದ ಹೊಟ್ಟೆ ಖಾಲಿ ಇರಬೇಕು ಎಂದು ಆಸ್ಪತ್ರೆಯ ಸಿಸ್ಟರ್ ಸಾರಿ ಸಾರಿ ಹೇಳಿದ್ದರೂ, ಕಳೆದ ವಾರ ಅವಳ ಬಟ್ಟೆಯ ಮೇಲೆ ಬಿಸ್ಕತ್ತಿನ ಪುಡಿ ಕಂಡಿತ್ತು. ಅಕ್ಕನಿಗೆ ಚಿಕ್ಕಂದಿನಿಂದಲೂ ಬಾಯಿಗೆ ಬೀಗವಿಲ್ಲ, ಮಾತಿಗೂ ಇಲ್ಲ, ತಿಂಡಿಗೂ ಇಲ್ಲ.

"ನೀನೂ ಏನೂ ತಿಂದಿಲ್ಲ ತಾನೆ? ನೀನು ಕಾಫಿ ಕುಡಿದ್ರೂ ಆ ವಾಸನೆಗೇ ನನ್ನ ಹಠ ಕರಗಿಹೋಗುತ್ತೆ," ಎಂದಳು ಅಕ್ಕ.

"ತಿಂದಿಲ್ಲ." ಅದೇನು ದೊಡ್ಡ ಸಾಹಸವಾಗಿರಲಿಲ್ಲ. ಹಸಿವು ಅವನನ್ನು ಬಿಟ್ಟುಹೋಗಿ ಬಹಳ ಕಾಲವಾಗಿತ್ತು.

ಅವನು ಲಿಫ್ಟ್ ರಿಪೇರಿ ಮಾಡುವವನು. ಅಂದರೆ, ಮಾಡುತ್ತಿದ್ದವನು. ಒಂದು ದಿನ ಕೆಲಸಕ್ಕೆ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಕೊಡಲು ಅವನ ಬಳಿ ಒಂದು ಕಾರಣವೂ ಇರಲಿಲ್ಲ. ಇಬ್ಬರು ವೈದ್ಯರು ಕೊಟ್ಟ ಮಾತ್ರೆಗಳು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾದವು. ಇನ್ನೊಬ್ಬರ ಹತ್ತಿರ ಹೋಗು ಎಂದು ಅಕ್ಕ ಕಾಲು ಹಿಡಿಯುವುದೊಂದು ಬಾಕಿ. ಅವನು ಜಗ್ಗಲಿಲ್ಲ. ಬದುಕು ಸಾಕು ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದ. ಒಂದು ಮಧ್ಯಾಹ್ನ ಅಕ್ಕನ ಮನೆಗೆ ಹೋಗಿ, ಅವಳ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, "ಇದು ನಿನ್ನ ಹತ್ರಾನೇ ಇರಲಿ," ಎಂದು ತನ್ನ ಸ್ಪ್ಯಾನರ್‌ಗಳ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬಂದ.

ಮರುದಿನವೇ ಅಕ್ಕ ಅವನ ಬಾಗಿಲು ಬಡಿದಳು. ಕಣ್ಣುಗಳು ಊದಿಕೊಂಡಿದ್ದವು. ಕೈಯಲ್ಲಿ ಬಟ್ಟೆಯ ಗಂಟು, ಇಲ್ಲೇ ಇರಲು ಬಂದವಳಂತೆ.

"ನನಗೆ ಬದುಕೋಕೆ ಆಗಲ್ಲ ಕಣೋ," ಎಂದಳು.

ಯಾವ ಮಾತ್ರೆಗೂ ಬಗ್ಗದ ಖಿನ್ನತೆಗೆ ಕೆಟಮಿನ್ ಎಂಬ ಔಷಧವನ್ನು ಸ್ವಲ್ಪಸ್ವಲ್ಪವಾಗಿ ಡ್ರಿಪ್‌ನಲ್ಲಿ ಕೊಡುತ್ತಾರಂತೆ, ಅವಳೇ ವಿಚಾರಿಸಿಕೊಂಡು ಬಂದಿದ್ದಳು. ಆಪರೇಷನ್‌ಗೆ ಮುಂಚೆ ಎಚ್ಚರ ತಪ್ಪಿಸುವ ಮದ್ದೇ ಅದು. ವಾರಕ್ಕೊಮ್ಮೆ ಹೋಗಬೇಕು. ಮನೆಗೆ ಕರೆದುಕೊಂಡು ಹೋಗಲು ಜೊತೆಗೊಬ್ಬರು ಇರಲೇಬೇಕು, ಇಲ್ಲದಿದ್ದರೆ ಬಾಗಿಲಿನಿಂದಲೇ ವಾಪಸ್. ಅಕ್ಕನಿಗೆ ಇದ್ದವನು ಅವನೊಬ್ಬನೇ. ಅವನು ತನ್ನ ತೀರ್ಮಾನವನ್ನು ಮುಂದೂಡಿದ. ಅವಳ ಚಿಕಿತ್ಸೆ ಮುಗಿಯಲಿ, ಆಮೇಲೆ ನೋಡೋಣ.

ಹೀಗೆ ಸಾಯಲು ಹೊರಟವನು ವಾರಕ್ಕೊಮ್ಮೆ ಗಡ್ಡ ಬೋಳಿಸಿ, ಒಗೆದ ಅಂಗಿ ತೊಟ್ಟು ಆಸ್ಪತ್ರೆಗೆ ಹೊರಡುವಂತಾಯಿತು. ಅಲ್ಲಿ ಸಿಸ್ಟರ್ ಅಕ್ಕನ ಬಿಪಿ ನೋಡಿ, ಅವನ ತೋಳಿಗೂ ಪಟ್ಟಿ ಸುತ್ತುತ್ತಿದ್ದರು. "ಜೊತೆಗೆ ಬಂದವರೇ ಕುಸಿದು ಬಿದ್ರೆ ನಿಮ್ಮಕ್ಕನ್ನ ಹಿಡ್ಕೊಳ್ಳೋರು ಯಾರು?" ಎನ್ನುತ್ತಿದ್ದರು. ಅಕ್ಕ ಒಳಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ ಡಾಕ್ಟರಮ್ಮ ಹೊರಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಅಕ್ಕನ ಬಗ್ಗೆ ಎರಡು ಮಾತು, ಆಮೇಲೆ ಅವನ ನಿದ್ದೆ, ಅವನ ಊಟ, ಅವನ ಯೋಚನೆ. ಒಳಗೆ ಡ್ರಿಪ್ ಓಡುತ್ತಿರುವಾಗ ಇವರಿಗೆ ಹರಟೆ ಬೇಕೇ ಎಂದು ಅವನಿಗೆ ಸಿಟ್ಟು ಬರುತ್ತಿತ್ತು. ಆದರೂ ಯಾರಿಗೂ ಹೇಳದ ತೀರ್ಮಾನವನ್ನು ಅವರಿಗೆ ಹೇಳಿಬಿಟ್ಟಿದ್ದ. ಅವರು ಗಾಬರಿಯಾಗಲಿಲ್ಲ. "ನಿಮ್ಮಕ್ಕನ ಜೊತೆ ಬರೋದನ್ನ ಮಾತ್ರ ತಪ್ಪಿಸಬೇಡಿ. ನನಗೆ ಮಾತು ಕೊಡಿ," ಎಂದರು. ಕೊಟ್ಟಿದ್ದ.

ಅಕ್ಕ ಹೊರಬರುವಾಗ ತೂರಾಡುತ್ತ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಮನೆಯಲ್ಲಿ ಅವನು ಕಿಟಕಿಗೆ ಪರದೆ ಎಳೆದು, ಮಂಚದ ಬಳಿ ವಾಂತಿಗೊಂದು ಬಕೆಟ್ ಇಟ್ಟು, ಅವಳ ಫೋನ್ ಕಿತ್ತುಕೊಂಡು, ಗಂಜಿ ಕಾಯಿಸಿ ಚಮಚದಲ್ಲಿ ಕುಡಿಸುತ್ತಿದ್ದ. ಅವಳ ತೋಳಿನ ಮೇಲೆ ಅಂಟಿರುತ್ತಿದ್ದ ಬಿಳಿ ಎಳೆಗಳನ್ನು, ಸೂಜಿ ಚುಚ್ಚಿದ ಕಡೆಯ ಹತ್ತಿಯಿರಬೇಕೆಂದು ಒಂದೊಂದಾಗಿ ಬಿಡಿಸುತ್ತಿದ್ದ.

"ಒಳಗೆ ಹೇಗಿತ್ತಕ್ಕ?"

"ಏನು ಹೇಳಲಿ. ಹೊರಗೆ ಕೂತಿದ್ದ ನಿನ್ನದೇ ಯೋಚನೆ."

ಅವಳು ಚೇತರಿಸಿಕೊಳ್ಳುತ್ತಿರಲಿಲ್ಲ. ಅದೇ ಅವನಿಗೆ ನುಂಗಲಾರದ ತುತ್ತಾಗಿತ್ತು. ಗೋಡೆಯಾಚೆ ಅವಳು ಬಿಕ್ಕುವುದು ಈಗಲೂ ಕೇಳುತ್ತಿತ್ತು. ತನ್ನ ಕಥೆ ಹೇಗೂ ಮುಗಿಯಿತು, ಇವಳೊಬ್ಬಳಾದರೂ ಉಳಿಯಲಿ ಎಂದು, ಯಾರನ್ನೂ ಏನನ್ನೂ ಬೇಡದವನು ಆ ಹಾಳು ಔಷಧವನ್ನೇ ಬೇಡಿಕೊಳ್ಳತೊಡಗಿದ್ದ.

ಇವತ್ತು ಕೊನೆಯ ಡ್ರಿಪ್. ಇಬ್ಬರೂ ಟ್ಯಾಕ್ಸಿ ಹತ್ತಿದರು. ನಾಳೆಯಿಂದ ತನ್ನನ್ನು ಹಿಡಿದಿಡುವುದು ಏನೂ ಇಲ್ಲ ಎಂಬುದು ನೆನಪಾಗಿ, ಮೊದಲ ಬಾರಿಗೆ ಅವನಿಗೆ ಭಯವಾಯಿತು.

ಸಿಸ್ಟರ್ ಬಂದವರೇ ಅವನ ತೋಳಿಗೆ ಪಟ್ಟಿ ಸುತ್ತಿದರು. ಎರಡು ಸಲ ನೋಡಿ ತಲೆಯಾಡಿಸಿದರು. ಅಕ್ಕನ ತೋಳನ್ನು ಮುಟ್ಟಲೇ ಇಲ್ಲ. ಬಾಗಿಲು ಅಗಲವಾಗಿ ತೆರೆಯಿತು. ಒಳಗೆ ಒರಗು ಕುರ್ಚಿ, ಅದರ ಮೇಲೆ ಕಣ್ಣುಪಟ್ಟಿ, ಪಕ್ಕದಲ್ಲಿ ನೇತುಹಾಕಿದ ಡ್ರಿಪ್. ಆಚೆ ಮೂಲೆಯಲ್ಲಿ ಒಂದು ಹೊಲಿಗೆ ಯಂತ್ರ, ಅದರ ಸೂಜಿಯ ಕೆಳಗೆ ಆಸ್ಪತ್ರೆಯ ಅರ್ಧ ಹೊಲಿದ ಬಿಳಿ ಪರದೆ.

"ಬನ್ನಿ. ನೀವು ಒಪ್ಪಿದ್ರೆ ಮಾತ್ರ," ಎಂದರು ಡಾಕ್ಟರಮ್ಮ.

"ಅಕ್ಕ, ಏಳು. ಕರೀತಿದ್ದಾರೆ."

ಅಕ್ಕ ಏಳಲಿಲ್ಲ. ಕೈಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು, ಅವನ ಕಣ್ಣೆದುರೇ ಒಂದನ್ನು ಕಡಿದಳು. ಅವನು ಕಿತ್ತುಕೊಳ್ಳಲು ಕೈ ಚಾಚಿದ. ಆ ಕೈಯನ್ನು ಹಿಡಿದುಕೊಂಡು ಅವಳು ಅಳುತ್ತಲೇ ಅಗಿದಳು.

"ಹೊಟ್ಟೆ ಖಾಲಿ ಇರಬೇಕಾಗಿದ್ದು ನಿನ್ನದು ಕಣೋ. ರೋಗಿಯಾಗಿ ಬಾ ಅಂದಿದ್ರೆ ನೀನು ಬರ್ತಿದ್ಯಾ? ಹೋಗು, ಸಂಜೆ ಮನೆಗೆ ಕರ್ಕೊಂಡು ಹೋಗೋಕೆ ನಾನಿದ್ದೀನಿ."

ಅವನು ಯಂತ್ರದಿಂದ ಇಳಿಬಿದ್ದ ಬಿಳಿ ಎಳೆಗಳನ್ನು ನೋಡಿದ, ಅಕ್ಕನ ತೋಳನ್ನು ನೋಡಿದ. ಆಮೇಲೆ ಜೇಬಿನಿಂದ ಅಡುಗೆಮನೆಯ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟು, "ಗಂಜಿಗೆ ಉಪ್ಪು ಕಮ್ಮಿ ಹಾಕು," ಎಂದ.