ಪೆನ್‌ಡ್ರೈವ್ ಕಾಯಲಿಲ್ಲ

ಸಿರಿಲ್ ಮಾಸ್ಟರ್‌ಗೆ ಮೂಗಿನ ಮೇಲೆ ಕೋಪ ಎಂದು ಎಲ್ಲರೂ ಹೇಳುತ್ತಿದ್ದರು. ಅದು ಸುಳ್ಳೇನಲ್ಲ...

ಆದರೆ ಮೈಸೂರಿನ ಆ ಬಡಾವಣೆಯ ಗಣೇಶೋತ್ಸವದಲ್ಲಿ ಅವರಿಗೆ ಬಂದ ಕೋಪವಿದೆಯಲ್ಲ, ಅದು ಬರಲೇಬೇಕಾದ ಕೋಪವಾಗಿತ್ತು.

ಮಾಸ್ಟರ್ ರೈಲ್ವೆ ವರ್ಕ್‌ಶಾಪ್‌ನಿಂದ ರಿಟೈರ್ ಆದವರು. ಅಕಾರ್ಡಿಯನ್ ಮಾತ್ರ ಅವರ ಹೆಗಲಿನಿಂದ ರಿಟೈರ್ ಆಗಿರಲಿಲ್ಲ.

ಹಳೆಯ ಸಿನಿಮಾ ಹಾಡುಗಳನ್ನೇ ನುಡಿಸುವ ಆರ್ಕೆಸ್ಟ್ರಾ ಅವರದು. ಡ್ರಮ್ಸ್‌ಗೆ ಖಲಂದರ್, ಹಾಡಲು ಹೇಮಾವತಿ... ಎಲ್ಲರ ತಲೆಯೂ ನೆರೆತಿತ್ತು. ಆದರೂ ಪ್ರತಿ ಭಾನುವಾರ ತಪ್ಪದೆ ಪ್ರಾಕ್ಟೀಸ್!

ಆ ಸಂಜೆ ಸ್ಟೇಜ್ ಹತ್ತಿದ ಮೇಲೆ ಉತ್ಸವ ಸಮಿತಿಯ ಕಾರ್ಯದರ್ಶಿ ಪ್ರೀತಮ್ ಒಂದು ಪೆನ್‌ಡ್ರೈವ್ ಹಿಡಿದು ಬಂದ.

"ಅಂಕಲ್, ಮ್ಯೂಸಿಕ್ ಎಲ್ಲಾ ಟ್ರ್ಯಾಕ್‌ನಲ್ಲಿ ಬರತ್ತೆ. ಆಂಟಿ ಹಾಡಲಿ, ನೀವು ಸುಮ್ನೆ ಆಕ್ಷನ್ ಮಾಡಿ ಸಾಕು. ಫೇಸ್‌ಬುಕ್ ಲೈವ್ ಇದೆ... ಸೌಂಡ್ ಪರ್ಫೆಕ್ಟ್ ಆಗಿರ್ಬೇಕು."

ಮಾಸ್ಟರ್ ಮುಖ ಕೆಂಪಾಯಿತು. "ನುಡಿಸೋಕೆ ಕರೆದ್ಯೋ, ನಾಟಕ ಆಡೋಕೆ ಕರೆದ್ಯೋ?"

ಹೇಮಾವತಿ ಮೆಲ್ಲಗೆ ಹೇಳಿದರು... "ಬಿಡಿ ಮಾಸ್ಟ್ರೇ. ಹಬ್ಬದ ಮನೇಲಿ ಜಗಳ ಯಾಕೆ? ಬಂದಿದೀವಿ, ಹಾಡಿ ಹೋಗೋಣ."

ಶಬ್ದ ಕೇಳಬಾರದೆಂದು ಸಮಿತಿಯವರು ಖಲಂದರ್ ಡ್ರಮ್ಸ್ ಮೇಲೆ ಟವೆಲ್ ಹಾಸಿದ್ದರು. ಅವರು ಆ ಟವೆಲನ್ನೇ ನೋಡುತ್ತಾ ಕೂತರು.

ಅಕಾರ್ಡಿಯನ್ನಿನ ತಿದಿ ಎಳೆದರೆ ತಾನೇ ಸ್ವರ? ತಿದಿ ತೆರೆಯದಂತೆ ಅದರ ಬೆಲ್ಟನ್ನು ಬಿಗಿದು ಮಾಸ್ಟರ್ ಬರೀ ಕೀಗಳನ್ನು ಒತ್ತುತ್ತಾ ನಿಂತರು. ಇಷ್ಟು ವರ್ಷ ನುಡಿಸಿದ್ದು ಈ ಅವಮಾನಕ್ಕಾ?

ಮೊದಲ ಎರಡು ಹಾಡು ಹೇಗೋ ಮುಗಿದವು. ಮೂರನೆಯದು... ಜನ ಹೇಮಾವತಿಯಿಂದ ಕೇಳಿ ಕೇಳಿ ಹಾಡಿಸಿಕೊಳ್ಳುತ್ತಿದ್ದ ಹಾಡು.

ಪಲ್ಲವಿ ಚೆನ್ನಾಗಿಯೇ ಆಯಿತು. ಚರಣ ಶುರುವಾಗಬೇಕು...

ಹೇಮಾವತಿ ಹಾಡಲಿಲ್ಲ!

ಮೈಕ್ ಹಿಡಿದು ಮಾಸ್ಟರ್ ಕಡೆ ತಿರುಗಿ ನಿಂತೇಬಿಟ್ಟರು. ಟ್ರ್ಯಾಕ್ ತನ್ನ ಪಾಡಿಗೆ ಮುಂದೆ ಓಡಿತು. ಎರಡು ಸಾಲು ಕಳೆದ ಮೇಲೆ ಗಾಬರಿಯಿಂದ ಹಾಡಲು ಹೋದರು... ಹಾಡು ಒಂದು ಕಡೆ, ಮ್ಯೂಸಿಕ್ ಇನ್ನೊಂದು ಕಡೆ.

ಮುಂದಿನ ಕುರ್ಚಿ ಸಾಲಿನಿಂದ ಯಾರೋ ಒಬ್ಬ ಕೂಗಿದ... "ಅಜ್ಜೀ, ನೆಟ್‌ವರ್ಕ್ ಪ್ರಾಬ್ಲಮ್ಮಾ?"

ಪೆಂಡಾಲ್ ಪೂರ್ತಿ ಗೊಳ್ಳೆಂದು ನಕ್ಕಿತು. ಸಾಲು ಸಾಲು ಮೊಬೈಲ್‌ಗಳು ಮೇಲೆದ್ದವು.

ಹೇಮಾವತಿ ಏನಕ್ಕೆ ಕಾದರು ಅನ್ನುವುದು ಮಾಸ್ಟರ್‌ಗೆ ಚೆನ್ನಾಗಿ ಗೊತ್ತಿತ್ತು.

ಚರಣಕ್ಕೆ ಮುಂಚೆ ಅಕಾರ್ಡಿಯನ್ನಿನ ಒಂದು ಪುಟ್ಟ ಬಿಟ್ ಬರುತ್ತಿತ್ತು. ಅದು ಮೂಲ ಹಾಡಿನಲ್ಲಿಲ್ಲ, ಮಾಸ್ಟರೇ ಸೇರಿಸಿದ್ದು. ಹೇಮಾವತಿ ಮೊದಲ ಸಲದಿಂದಲೂ ಅದನ್ನು ಕೇಳಿಯೇ ಚರಣ ಎತ್ತಿಕೊಂಡವರು. ಪೆನ್‌ಡ್ರೈವ್‌ಗೆ ಅದೆಲ್ಲಿ ಗೊತ್ತಾಗಬೇಕು?

ಮಾಸ್ಟರ್‌ಗೆ ಸಿಟ್ಟು ನೆತ್ತಿಗೇರಿತು. ಸೀದಾ ಸೌಂಡ್ ಸಿಸ್ಟಮ್ ಹತ್ತಿರ ಹೋಗಿ ಪೆನ್‌ಡ್ರೈವ್ ಕಿತ್ತು ಎಸೆದರು.

"ಅಂಕಲ್! ಲೈವ್ ಹೋಗ್ತಿದೆ!" ಪ್ರೀತಮ್ ಓಡಿಬಂದ.

"ಹೋಗ್ಲಿ! ನೀನು ಮಾಡಿದ್ ಘನಕಾರ್ಯನ ಎಲ್ಲರೂ ನೋಡ್ಲಿ!"

"ಮುಂದಿನ ವರ್ಷದಿಂದ ನಿಮ್ಮನ್ನ ಕರೆಯಲ್ಲ ನೋಡಿ..."

"ಕರೀಬೇಡ್ವೋ! ಗೊಂಬೆ ಬೇಕಿದ್ರೆ ಅಂಗಡೀಲಿ ಸಿಗತ್ತೆ, ತಂದು ನಿಲ್ಲಿಸ್ಕೋ. ಮನುಷ್ಯರನ್ನ ಯಾಕೆ ಕರೆದು ಮರ್ಯಾದೆ ಕಳೀತೀಯ?"

ಆಮೇಲೆ ಮೈಕ್ ಎತ್ತಿಕೊಂಡು ಜನರ ಕಡೆ ತಿರುಗಿದರು.

"ನಕ್ರಲ್ಲ... ಚೆನ್ನಾಗ್ ನಕ್ರಿ. ತಪ್ಪಿದ್ದು ಇವರಲ್ಲ. ಇವರು ನನಗೆ ಕಾದ್ರು, ನಾನು ಬಾಯಿ ಮುಚ್ಕೊಂಡು ನಿಂತಿದ್ದೆ. ಬೈಯೋದಿದ್ರೆ ನನ್ನ ಬೈಯಿರಿ. ಇಲ್ಲಾಂದ್ರೆ ಸುಮ್ನೆ ಕೂತು ಕೇಳಿ!"

ಅಷ್ಟರಲ್ಲಿ ಖಲಂದರ್ ಟವೆಲ್ ಕಿತ್ತು ಸ್ಟೇಜಿನಾಚೆ ಬಿಸಾಡಿ ಆಗಿತ್ತು.

ಮಾಸ್ಟರ್ ಅಕಾರ್ಡಿಯನ್ನಿನ ತಿದಿಯ ಬೆಲ್ಟ್ ಬಿಚ್ಚಿದರು. ಮತ್ತೆ ಪಲ್ಲವಿಯಿಂದ ಶುರು. ಚರಣಕ್ಕೆ ಮುಂಚೆ ಆ ಬಿಟ್ ಬಂತು...

ಹೇಮಾವತಿಗೆ ದನಿ ಹೊರಡಲಿಲ್ಲ.

ಮಾಸ್ಟರ್ ಅದನ್ನೇ ಇನ್ನೊಮ್ಮೆ ನುಡಿಸಿದರು. ಖಲಂದರ್ ತಾಳ ಬಿಡಲಿಲ್ಲ. ಮತ್ತೊಮ್ಮೆ ನುಡಿಸಿದರು...

ಆಗ ಹೇಮಾವತಿ ಹಾಡಿದರು. ಅಲ್ಲಲ್ಲಿ ದನಿ ಒಡೆಯಿತು, ಒಡೆದಲ್ಲೆಲ್ಲ ಇವರಿಬ್ಬರೂ ನಿಧಾನಿಸಿದರು. ಪೆಂಡಾಲ್‌ನಲ್ಲಿ ಯಾರೂ ನಗಲಿಲ್ಲ. ಹಾಡು ಮುಗಿದಾಗ ಹಿಂದಿನ ಕುರ್ಚಿಗಳಿಂದ ಶುರುವಾದ ಚಪ್ಪಾಳೆ ಬಹಳ ಹೊತ್ತು ನಿಲ್ಲಲೇ ಇಲ್ಲ.

ಪ್ರೀತಮ್ ಮಾತ್ರ ಮುಖ ಗಂಟಿಕ್ಕಿಕೊಂಡೇ ಇದ್ದ. ಇರಲಿ ಬಿಡಿ...

ಸ್ಟೇಜ್ ಹಿಂದೆ ಅಕಾರ್ಡಿಯನ್ನನ್ನು ಪೆಟ್ಟಿಗೆಗೆ ಇಡುತ್ತಿದ್ದಾಗ ಹೇಮಾವತಿ ಬಂದು ನಿಂತರು.

"ಮಾಸ್ಟ್ರೇ... ಟ್ರ್ಯಾಕ್‌ನಲ್ಲಿ ಬರಲಿಲ್ವಲ್ಲ, ಆ ಬಿಟ್ ಒರಿಜಿನಲ್‌ನಲ್ಲಿ ಇಲ್ಲವೇ ಇಲ್ವಾ?"

"ಇಲ್ಲ."

"ಮತ್ತೆ ಯಾಕೆ ಹಾಕಿದ್ರಿ?"

ಮಾಸ್ಟರ್ ತಲೆ ಎತ್ತಲಿಲ್ಲ. "ಈ ಹಾಡು ನೀವು ಮೊದಲ್ನೇ ಸಲ ಹಾಡಿದಾಗ ತುಂಬಿದ ಬಸುರಿ, ಹೇಮಮ್ಮ. ಚರಣಕ್ಕೆ ಬರೋ ಹೊತ್ತಿಗೆ ಉಸಿರು ಸಾಲ್ತಿರಲಿಲ್ಲ... ಒಂದುಸಿರು ತಗೊಳ್ಳಲಿ ಅಂತ ಹಾಕ್ದೆ."

"ಹೆರಿಗೆ ಆದ್ಮೇಲೆ ತೆಗೀಬಹುದಿತ್ತಲ್ಲ?"

"ತೆಗೀಬೇಕು ಅನ್ನಿಸಲಿಲ್ಲ."

ಹೇಮಾವತಿಯ ಕಣ್ಣಲ್ಲಿ ನೀರು ತುಂಬಿತು. ಮರುಕ್ಷಣವೇ ರೇಗಿದರು... "ಇಷ್ಟು ವರ್ಷದಲ್ಲಿ ಒಂದು ಮಾತು ಹೇಳ್ಬಾರ್ದಿತ್ತಾ? ಎಂಥ ಮನುಷ್ಯರ್ರೀ ನೀವು!"

"ಹೇಳಿದ್ರೆ ನೀವು ಹಟಕ್ಕೆ ಬಿದ್ದು, ಉಸಿರು ಕಟ್ಕೊಂಡಾದ್ರೂ ಹಾಡ್ತೀನಿ ಅಂತಿದ್ರಿ," ಮಾಸ್ಟರ್ ಅಷ್ಟೇ ಜೋರಾಗಿ ಗದರಿದರು.



ಯಂತ್ರ ತಪ್ಪು ಮಾಡುವುದಿಲ್ಲ, ನಿಜ... ಆದರೆ ಯಾರಿಗಾಗಿಯೂ ಕಾಯುವುದಿಲ್ಲ. ಕಾಯುವವನು ಮನುಷ್ಯ ಮಾತ್ರ.

ನೀವು ಒಂದುಸಿರು ತೆಗೆದುಕೊಳ್ಳಲಿ ಎಂದು, ನಿಮಗೇ ಗೊತ್ತಾಗದಂತೆ ಕಾದವರು ಯಾರು... ಯಾವತ್ತಾದರೂ ಯೋಚಿಸಿದ್ದೀರಾ?