ಮೂವರಿಗಷ್ಟೇ ಗೊತ್ತಿದ್ದ ಹೆಸರು

"ಕೊರಳಲ್ಲಿರೋ ಕಾರ್ಡು ಕೊಟ್ಟು ಹೋಗು, ಶೋಲ್ಪಾನ್," ಎಂದಳು ಮೇರುಯೆರ್ತ್.

ಪರದೆಯ ಆಚೆ ಸಭಾಂಗಣ ತುಂಬುತ್ತಿತ್ತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಕೊಕ್‌ಜಿಯೆಕ್ ಕಂಪನಿಯ ಮಡಚುವ ಫೋನು ಅಲ್ಮಾಟಿಯ ಜನರೆದುರು ಬಿಡುಗಡೆಯಾಗಬೇಕು. ಅದರ ಹೊಣೆ ಹೊತ್ತ ಇಬ್ಬರು ಗೆಳತಿಯರು ಪರದೆಯ ಈಚೆ ಒಬ್ಬರ ಮುಖ ಒಬ್ಬರು ನೋಡಲಾರದೆ ನಿಂತಿದ್ದರು.

"ಯಾಕೆ ಅಂತ ಕೇಳ್ಬಹುದಾ?"

"ನಿನ್ನೆ ಮಧ್ಯಾಹ್ನ ಇಟ್ಟ ಹೆಸರು ಕತ್ತಲಾಗೋದ್ರೊಳಗೆ ಊರಿಗೆಲ್ಲ ಗೊತ್ತಾಯ್ತು. ಇನ್ನೂ ನನ್ ಬಾಯಲ್ಲೇ ಕೇಳ್ಬೇಕಾ?"

ವರ್ಷವಿಡೀ ಇದೇ ಗೋಳು. ನೌರಿಜ್ ಹಬ್ಬಕ್ಕೆ ಒಂದು ಫೋನು ಬಿಟ್ಟರು. ಹಿಂದಿನ ಸಂಜೆಯೇ 'ಬಜಾರಿನ ಕಿವಿ' ಎಂಬ ಚಾನೆಲ್ಲಿನಲ್ಲಿ ಅದರ ಗುಟ್ಟೆಲ್ಲ ರಟ್ಟಾಗಿತ್ತು. ಬೇಸಿಗೆಯಲ್ಲಿ ಕೈಗಡಿಯಾರ, ಅದರದೂ ಅದೇ ಪಾಡು. ಎಲೆ ಉದುರುವ ಕಾಲಕ್ಕೆ ಇಯರ್‌ಫೋನು. ಯಜಮಾನ ಕುವಾನಿಶ್ ವೇದಿಕೆಯ ಮೇಲೆ ಠೀವಿಯಿಂದ ಮುಸುಕು ಸರಿಸಿದರೆ ಮುಂದಿನ ಸಾಲಿನವನೊಬ್ಬ ಬಾಯ್ತುಂಬ ಆಕಳಿಸಿದ. ಆ ಚಾನೆಲ್ ನಡೆಸುವವನು ಮುಖ ತೋರಿಸಿದವನಲ್ಲ, ಹೆಸರು ಹೇಳಿದವನಲ್ಲ. ಅವನು ಹಾಳಾಗಲಿ, ಅವನ ಕಿವಿಗೆ ಸುದ್ದಿ ಊದುವ ಮನೆಮುರುಕರು ಯಾರು?

ಈ ಸಲ ಕುವಾನಿಶ್ ಹಟ ತೊಟ್ಟಿದ್ದ. ಫೋನಿಗೆ ಕೊನೆಯವರೆಗೂ ಹೆಸರೇ ಇಡಲಿಲ್ಲ. ನಿನ್ನೆ ಮಧ್ಯಾಹ್ನ ಇವರಿಬ್ಬರನ್ನೇ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡ. ಕೂಸಿಗೆ ಹೆಸರಿಡುವ ಹಾಗೆ ಮೂವರೂ ಕೂತು ಯೋಚಿಸಿ, ರೆಕ್ಕೆ ಮಡಚುವ ಪುಟ್ಟ ಹಕ್ಕಿಯ ಹೆಸರು ಇಟ್ಟರು: ಕರ್ಲಿಗಾಶ್. ಎಲ್ಲೂ ಬರೆಯಲಿಲ್ಲ. ಸಂಜೆಗೆ 'ಬಜಾರಿನ ಕಿವಿ'ಯಲ್ಲಿ ಕರ್ಲಿಗಾಶ್ ಹಾರಾಡುತ್ತಿತ್ತು.

ಬೆಳಿಗ್ಗೆ ಕುವಾನಿಶ್ ಮೇರುಯೆರ್ತ್‌ಳನ್ನು ಕರೆಸಿದ. "ನಿಮ್ಮಿಬ್ಬರಲ್ಲಿ ಒಬ್ಬರದು ಈ ಕೆಲಸ. ವೇದಿಕೆ ದೀಪ ಹತ್ತೋದ್ರೊಳಗೆ ಯಾರು ಅಂತ ಹೇಳು. ಹೇಳ್ಲಿಲ್ವೋ, ಇಬ್ಬರೂ ಮನೆಗೆ."

"ನಾನಲ್ಲ, ಅಗಾ," ಎಂದಳು ಮೇರುಯೆರ್ತ್. ಅಷ್ಟು ಹೇಳಿದ ಮೇಲೆ ಇನ್ನೇನು ಉಳಿಯಿತು? ಗೆಳತಿಯ ಹೆಸರನ್ನೂ ಅವಳೇ ಹೇಳಿದಳು.

ಎಂಥ ಗೆಳತಿ! ಮೇರುಯೆರ್ತ್‌ಗೆ ಬಡ್ತಿಯಾದ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಓಡೋಡಿ ತಂದು "ಸುಯುಂಶಿ ಕೊಡು" ಎಂದು ಕೈಯೊಡ್ಡಿದವಳು ಇವಳೇ. ಸಿಹಿಸುದ್ದಿ ತಂದವರನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಮೇರುಯೆರ್ತ್ ಕಿವಿಯ ಓಲೆಯನ್ನೇ ಬಿಚ್ಚಿ ಕೊಟ್ಟಿದ್ದಳು. ಅಂಥವಳು ಬೆನ್ನಿಗೆ ಚೂರಿ ಹಾಕಿದಳಲ್ಲ.

ಶೋಲ್ಪಾನ್ ಕೊರಳಿನಿಂದ ಕಾರ್ಡು ತೆಗೆದಳು. "ಅಗಾ ಬೆಳಿಗ್ಗೆ ನಿನಗಿಂತ ಮೊದಲು ನನ್ನನ್ನ ಕರೆದಿದ್ರು, ಮೇರು. ಇದೇ ಪ್ರಶ್ನೆ ಕೇಳಿದ್ರು."

"ನೀನೇನಂದೆ?"

"ಗೊತ್ತಿಲ್ಲ ಅಂದೆ. ಅಗಾ ತನ್ನ ಮನೆಗೆ ತಾನೇ ಬೆಂಕಿ ಇಡಲ್ಲ. ನಾನಲ್ಲ ಅಂತ ನನಗೆ ಗೊತ್ತು. ಆದ್ರೂ ನಿನ್ ಹೆಸರು ಹೇಳೋಕೆ ನಾಲಿಗೆ ಏಳ್ಲಿಲ್ಲ."

"ನಾಟಕ ಸಾಕು."

"ಸರಿ, ಸಾಕು," ಎಂದು ಶೋಲ್ಪಾನ್ ಕಾರ್ಡು ಮೇಜಿನ ಮೇಲಿಟ್ಟು ಹಿಂಬಾಗಿಲಿನಿಂದ ನಡೆದಳು. ಮಗಳನ್ನು ಕಟ್ಟಿಕೊಂಡು ಬಾಡಿಗೆ ಮನೆಯಲ್ಲಿದ್ದವಳು. ಗುಟ್ಟು ಮಾರಿದವಳೆಂಬ ಹೆಸರು ಹೊತ್ತ ಮೇಲೆ ಆ ಊರಿನ ಯಾವ ಕಂಪನಿ ಅವಳನ್ನು ಒಳಗೆ ಬಿಟ್ಟುಕೊಂಡೀತು? ಮೇರುಯೆರ್ತ್‌ಗೂ ಅದು ಗೊತ್ತಿತ್ತು. ಗೊತ್ತಿದ್ದೇ ಮುಖ ತಿರುಗಿಸಿದಳು.

ವೇದಿಕೆ ಹತ್ತುವಾಗ ಅತ್ತೆಯನ್ನು ನೆನೆದು ಧೈರ್ಯ ತಂದುಕೊಂಡಳು. ಹಿರಿಯರು ಅಂಗೈಯೊಡ್ಡಿ ಹರಸದೆ ಹೊಸದೇನನ್ನೂ ಹೊರಗೆ ತಾರದ ಮನೆತನ ಅವರದು. ವರ್ಷದ ಪ್ರತಿ ಬಿಡುಗಡೆಯ ಹಾಗೆ ಈ ಸಲವೂ ಹಿಂದಿನ ಸಂಜೆ ಅತ್ತೆಯ ಮುಂದೆ ತಲೆಬಾಗಿ ಬಂದಿದ್ದಳು. ಜನ ಚಪ್ಪಾಳೆ ತಟ್ಟಿದರು. ತಟ್ಟಬೇಕಲ್ಲ ಎಂದು ತಟ್ಟಿದರು, ಅಷ್ಟೆ.

ಸಂಜೆ ಮನೆಯಲ್ಲಿ ಅತ್ತೆ ಕುಲ್ಯಾಶ್ ಹಾಲು ಹಾಕಿದ ಬಿಸಿ ಚಹಾ ಮುಂದಿಟ್ಟರು. ಮೇರುಯೆರ್ತ್ ಬಟ್ಟಲು ಮುಟ್ಟದೆ ಕೂತಳು. ಆಮೇಲೆ ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತಳು.

"ಶೋಲ್ಪಾನ್ ಕೈಕೊಟ್ಟಳು, ಅಪಾ. ಮೂರು ಜನಕ್ಕೆ ಮಾತ್ರ ಗೊತ್ತಿದ್ದ ಹೆಸರನ್ನ ಯಾರಿಗೋ ಹೇಳಿ ನಮ್ಮ ಮೂಗು ಕತ್ತರಿಸಿದಳು. ಇವತ್ತು ಕೆಲಸದಿಂದ ತೆಗೆಸಿ ಬಂದೆ."

"ಆ ಹುಡುಗೀನಾ? ನನ್ ಕೈಯಡುಗೆ ಎಷ್ಟು ಸಲ ಉಂಡಿಲ್ಲ ಅವಳು!" ಅತ್ತೆ ಕೆನ್ನೆಗೆ ಕೈ ಹಚ್ಚಿದರು. "ಉಂಡ ಮನೆಗೆ ದ್ರೋಹ ಬಗೆಯೋಕೆ ಹೆಂಗಾದ್ರೂ ಮನಸ್ಸು ಬರುತ್ತೋ. ಹೋಗ್ಲಿ ಬಿಡೆ, ನೀನ್ಯಾಕೆ ಕಣ್ಣೀರು ಹಾಕ್ತೀಯ."

ಅವರು ಎದ್ದು ಒಳಕೋಣೆಗೆ ಹೋದರು. ಮಡಿಕೆಯೂ ಬಿಚ್ಚದ ಉಣ್ಣೆಯ ಶಾಲೊಂದನ್ನು ತಂದು ಸೊಸೆಯ ಹೆಗಲಿಗೆ ಹೊದಿಸಿ, ಮಗುವಿಗೆ ಮಾಡುವಂತೆ ತಲೆ ನೇವರಿಸಿದರು.

"ಇದನ್ನ ನೀನೇ ಹೊದ್ಕೋ, ನನ್ನಮ್ಮ, ನಿನ್ನೆ ನೀನು ಕರ್ಲಿಗಾಶ್ ಅಂತ ಹೆಸರು ಹೇಳಿ ಹರಸಿಸ್ಕೊಂಡು ಒಳಗೆ ಹೋದ್ಯಲ್ಲ, ಇಂಥ ಸಿಹಿಸುದ್ದಿಗೆ ಸುಯುಂಶಿ ಕೇಳೋಣ ಅಂತ ಆಗ್ಲೇ ನನ್ ತಮ್ಮನ ಮೊಮ್ಮಗ, ಹಗಲೂ ರಾತ್ರಿ ಫೋನಿನಲ್ಲಿ ಊರಿನ ಸುದ್ದಿ ಬರ್ಕೊಂಡು ಕೂತಿರ್ತಾನಲ್ಲ, ಆ ಅಲ್ದಿಯಾರ್‌ಗೆ ಫೋನ್ ಮಾಡ್ದೆ, ಪ್ರತಿ ಸಲದ ಹಾಗೆ ಬೆಳಗಾಗೋದ್ರೊಳಗೆ ಕಳಿಸ್ಕೊಟ್ಟ."